ಅನ್ನ ಹಾಕಿದವರ ಆದಾಯ ಕೇಳಿ: ಕಂದಾಯ ಮತ್ತು ಕಲ್ಯಾಣ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಕಂದಾಯ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಸಚಿವರು ಹಾಗೂ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ಸ್ಕಾಲರ್‌ಶಿಪ್ ಕೆಲಸವೂ ನನ್ನದೇ. ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ತೆರೆದ ದಿನದಿಂದ ಮುಚ್ಚುವ ದಿನದವರೆಗೆ ನನ್ನ ಮೇಜಿನ ಮುಂದೆ ಮಕ್ಕಳು ನಿಂತೇ ಇರುತ್ತಾರೆ. ಒಬ್ಬನ ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ ಇದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಇದೆ. ಇನ್ನೊಬ್ಬಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಇಂಥವು ನಾಲ್ಕು ದಿನ ಓಡಾಡಿದರೆ ಸರಿಹೋಗುತ್ತವೆ. ಎಷ್ಟು ಓಡಾಡಿದರೂ ಸರಿಹೋಗದ ಒಂದು ತೊಂದರೆ ಇದೆ. ಅಪ್ಪ ಅಮ್ಮ ಬೇರೆಯಾಗಿರುವ ಮನೆಯ ಮಕ್ಕಳದ್ದು ಅದು. ಅಪ್ಪನ ಕಾಗದವಿಲ್ಲದೆ ಅವರಿಗೆ ಆದಾಯ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಸ್ಕಾಲರ್‌ಶಿಪ್ ಇಲ್ಲ. ಅದಕ್ಕಾಗಿಯೇ ಈ ಪತ್ರ.

ಹೋದ ವರ್ಷ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ ಒಬ್ಬ ಹುಡುಗಿ ತನ್ನ ಅಮ್ಮನನ್ನು ಕರೆದುಕೊಂಡು ಬಂದಳು. ಅಮ್ಮ ಊರಿನಲ್ಲಿ ಸೀರೆಗಳಿಗೆ ಫಾಲ್ಸ್ ಹಚ್ಚಿ, ಜಿಗ್‌ಜಾಗ್ ಮಾಡಿಕೊಡುತ್ತಾರೆ. ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ರೇಷನ್ ಕಾರ್ಡು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಜೆರಾಕ್ಸ್, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಜೀವನಾಂಶದ ಕೇಸಿನ ಒಂದು ನೋಟಿಸು. ಕೊನೆಗೆ, ಅಂಚಿಗೆ ಅರಿಶಿನ ಹಚ್ಚಿದ ಒಂದು ಲಗ್ನಪತ್ರಿಕೆ.

"ಇದನ್ನು ಯಾಕೆ ತಂದಿರಿ?" ಅಂದೆ.

"ಮದುವೆ ಆಗಿತ್ತು ಅಂತ ತೋರಿಸೋಕೆ ಇದಾದರೂ ಇದೆ ಮೇಡಂ. ಬಿಟ್ಟು ಹೋದ ಅಂತ ತೋರಿಸೋಕೆ ಏನೂ ಇಲ್ಲ" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಂಡ ತೀರಿಹೋದರೆ ಮರಣ ಪ್ರಮಾಣಪತ್ರ ಸಿಗುತ್ತದೆ. ವಿಚ್ಛೇದನವಾದರೆ ಕೋರ್ಟಿನ ಆದೇಶ ಸಿಗುತ್ತದೆ. ಸುಮ್ನೆ ಒಂದು ದಿನ ಮನೆ ಬಿಟ್ಟು ಹೋದವನ ಹೆಂಡತಿಗೆ ಯಾವ ಕಾಗದವೂ ಸಿಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ವಿಚ್ಛೇದನ ಪಡೆದವರಿಗಿಂತ ಹೀಗೆ ಬೇರೆಯಾದವರೇ ಜಾಸ್ತಿ ಅಂತ ನನಗೆ ನನ್ನ ಮೇಜಿನ ಮುಂದೆ ನಿಲ್ಲುವ ಮಕ್ಕಳನ್ನು ನೋಡಿದರೆ ಅನ್ನಿಸುತ್ತದೆ.

ಈ ತಾಯಿ ಆದಾಯ ಪ್ರಮಾಣಪತ್ರಕ್ಕೆ ಒಂದು ಕಚೇರಿಗೆ ಹೋಗಿದ್ದರು. ಹುಡುಗಿ ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹೆಸರಿನಲ್ಲಿ ಒಂದು ಆದಾಯ ಪ್ರಮಾಣಪತ್ರ ಮಾಡಿಸಿದ್ದರು. ಅದು ಐದು ವರ್ಷ ನಡೆಯುತ್ತದೆ, ನಿಮಗೆ ಗೊತ್ತಿದೆ. ಅದರ ಅವಧಿ ಮುಗಿದಿತ್ತು. ಆ ಐದು ವರ್ಷದ ನಡುವೆಯೇ ಅಪ್ಪ ಮನೆ ಬಿಟ್ಟಿದ್ದ. ಹೊಸದನ್ನು ನನ್ನ ಹೆಸರಿನಲ್ಲಿ ಕೊಡಿ ಅಂತ ತಾಯಿ ಕೇಳಿದರು. "ಅಪ್ಪ ಬದುಕಿದ್ದಾನಲ್ಲ, ಅವನ ಹೆಸರಲ್ಲೇ ಆಗಬೇಕು. ಅವನ ಆಧಾರ್ ತನ್ನಿ. ಇಲ್ಲಾಂದ್ರೆ ಡೈವೋರ್ಸ್ ಆರ್ಡರ್ ತನ್ನಿ" ಅಂದರಂತೆ. ಮೆಲ್ಲಗೆ ಹೇಳಿದ್ದಲ್ಲ, ಕೌಂಟರಿನ ಆ ಕಡೆಯಿಂದ ಕೂಗಿ ಹೇಳಿದ್ದು. ಹಿಂದೆ ಸಾಲಿನಲ್ಲಿ ಅವರ ಊರಿನವರೇ ನಾಲ್ಕೈದು ಜನ ನಿಂತಿದ್ದರು.

ನಾನು ಒಂದು ತಪ್ಪು ಮಾಡಿದೆ. "ಒಂದು ಸಲ ಫೋನ್ ಮಾಡಿ ಕೇಳಿ ನೋಡಿ, ಮಗಳ ಓದಿಗೆ ಅಲ್ವಾ, ಕೊಡಬಹುದು" ಅಂದೆ. ಅವರು ಕಾಲೇಜಿನ ವರಾಂಡದಲ್ಲಿ ನಿಂತು ಫೋನ್ ಮಾಡಿದರು. ಕಿವಿ ಸರಿಯಾಗಿ ಕೇಳದ ಕಾರಣ ಸ್ಪೀಕರ್ ಹಾಕಿಕೊಂಡಿದ್ದರು. ಹಾಗಾಗಿ ನನಗೂ ಕೇಳಿಸಿತು, ಮಗಳಿಗೂ ಕೇಳಿಸಿತು. "ಆಧಾರ್ ಬೇಕಾ? ಮೊದಲು ಆ ಕೇಸ್ ವಾಪಸ್ ತಗೋ" ಅಂದ ಅವನು. ಅಷ್ಟೇ. ಫೋನ್ ಇಟ್ಟ.

ಅಮ್ಮ ಒಳಗೆ ಬಂದು ನನ್ನನ್ನೇ ಕೇಳಿದರು, "ವಾಪಸ್ ತಗೊಂಡುಬಿಡಲಾ ಮೇಡಂ?" ನಾನು ಬಾಯಿ ತೆರೆಯುವ ಮೊದಲೇ ಮಗಳು, "ಬೇಡಮ್ಮ, ನನಗೆ ಸ್ಕಾಲರ್‌ಶಿಪ್ ಬೇಡ" ಅಂದಳು.

ಮಾನ್ಯರೇ, ಈ ಪತ್ರದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಅಪ್ಪನ ಕಾಗದ ಕಡ್ಡಾಯ ಅಂದ ಕೂಡಲೇ, ಬಿಟ್ಟು ಹೋದ ಗಂಡಸಿನ ಕೈಗೆ ಸರ್ಕಾರವೇ ಒಂದು ಹಗ್ಗ ಕೊಟ್ಟಂತಾಗುತ್ತದೆ. ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸು ಮತ್ತೆ ಅವನ ಬಾಗಿಲಿಗೆ ಹೋಗಬೇಕಾಗುತ್ತದೆ. ಜೀವನಾಂಶ ಬಿಟ್ಟುಕೊಡು, ಸೈಟಿನ ಹಕ್ಕು ಬಿಟ್ಟುಕೊಡು, ದೂರು ವಾಪಸ್ ತಗೋ ಅಂತ ಅವನು ಕೇಳಬಹುದು. ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಹತ್ತಿರ ಬಂದಷ್ಟೂ ಅವನ ಬೆಲೆ ಏರುತ್ತದೆ.

ಆ ಹುಡುಗಿಗೆ ವಿದ್ಯಾಸಿರಿ ಸಿಕ್ಕಿದ್ದರೆ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಬರುತ್ತಿತ್ತು. ಹಾಸ್ಟೆಲ್ ಸೀಟು ಸಿಗದೆ ಮೂವರು ಹುಡುಗಿಯರು ಸೇರಿ ಒಂದು ರೂಮು ಮಾಡಿದ್ದರು. ಎರಡನೇ ಸೆಮಿಸ್ಟರಿಗೆ ಅವಳು ರೂಮು ಬಿಟ್ಟಳು. ಈಗ ಊರಿನಿಂದಲೇ ಓಡಾಡುತ್ತಾಳೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಬೇಡ, ಅದೊಂದು ಪುಣ್ಯ. ಆದರೆ ಅವರ ಊರಿಗೆ ಸಂಜೆ ಇರುವುದು ಒಂದೇ ಬಸ್ಸು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಅದು ಹೊರಟಿರುತ್ತದೆ. ಟೈಟ್ರೇಷನ್ ಅರ್ಧಕ್ಕೆ ಬಿಟ್ಟು, ಬ್ಯುರೆಟ್ ತೊಳೆದಿಟ್ಟು ಅವಳು ಓಡುವುದನ್ನು ನಾನು ವಾರಕ್ಕೆ ಎರಡು ಸಲ ನೋಡುತ್ತೇನೆ.

ಡೈವೋರ್ಸ್ ಆರ್ಡರ್ ತನ್ನಿ ಅನ್ನುವುದು ಕೌಂಟರಿನಲ್ಲಿ ಎರಡು ಸೆಕೆಂಡಿನ ಮಾತು. ತರುವುದು ಎಷ್ಟು ವರ್ಷದ ಮಾತು? ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬೇಕಾದರೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಇನ್ನೂ ಆರು ತಿಂಗಳು ಕಾಯಬೇಕು. ಬಿಟ್ಟು ಹೋದ ಅನ್ನುವ ಕಾರಣಕ್ಕೆ ಒಬ್ಬರೇ ಕೇಳುವುದಾದರೆ ಬಿಟ್ಟು ಹೋಗಿ ಎರಡು ವರ್ಷ ತುಂಬಿರಬೇಕು. ಅದು ಕೇಸು ಹಾಕುವುದಕ್ಕೆ ಬೇಕಾದ ಕಾಲ, ಮುಗಿಯುವುದಕ್ಕಲ್ಲ. ಡಿಗ್ರಿ ಇರುವುದೇ ಮೂರು ವರ್ಷ. ಮೇಲಾಗಿ, ವಿಚ್ಛೇದನ ಬೇಡ ಅನ್ನುವ ಹೆಂಗಸರೂ ಇದ್ದಾರೆ. ಮಗಳ ಮದುವೆಯವರೆಗೆ ತಾಳಿ ಇರಲಿ ಅನ್ನುವವರು, ಇವತ್ತಲ್ಲ ನಾಳೆ ಬರಬಹುದು ಅಂತ ಕಾಯುವವರು, ವಕೀಲರ ಫೀಸಿಗೆ ದುಡ್ಡಿಲ್ಲದವರು. ಅದು ಅವರವರ ಬದುಕು. ಮಗುವಿನ ಸ್ಕಾಲರ್‌ಶಿಪ್ಪಿಗೋಸ್ಕರ ಒಂದು ಹೆಂಗಸು ವಿಚ್ಛೇದನ ಪಡೆಯಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ನನಗೆ ಅರ್ಥವಾಗದ ಒಂದು ವಿಷಯ ಕೇಳುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನ ಮಟ್ಟಿಗೆ 18 ತುಂಬಿದ ಹಿರಿಯ ಹೆಂಗಸೇ ಮನೆಯ ಯಜಮಾನಿ. ನಮ್ಮದೇ ಸರ್ಕಾರ 2023ರಲ್ಲಿ ಗೃಹಲಕ್ಷ್ಮಿ ತಂದಾಗ ಆ ಯಜಮಾನಿಯ ಹೆಸರಿಗೇ ತಿಂಗಳಿಗೆ 2,000 ರೂಪಾಯಿ ಹಾಕಿತು. ಈ ತಾಯಿಗೂ ಆ ಹಣ ಬರುತ್ತದೆ. ಅಕ್ಕಿ ಕೊಡುವಾಗ ಯಜಮಾನಿ, ದುಡ್ಡು ಹಾಕುವಾಗ ಯಜಮಾನಿ. ಅದೇ ಯಜಮಾನಿ ತನ್ನ ಮನೆಯ ಆದಾಯ ಇಷ್ಟು ಅಂತ ಹೇಳಿದರೆ ಮಾತ್ರ ಯಾಕೆ ನಂಬಬಾರದು?

ಬೇರೆ ಕಡೆ ಈ ಬಾಗಿಲು ಯಾವತ್ತೋ ತೆರೆದಿದೆ. ತಂದೆ ಬದುಕಿದ್ದರೂ ಮಗುವಿನ ಜವಾಬ್ದಾರಿ ಹೊರುತ್ತಿಲ್ಲ ಅಂದರೆ ತಾಯಿಯೇ ಸಹಜ ಪೋಷಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. 2015ರಲ್ಲಿ ಅದೇ ಕೋರ್ಟು, ಮದುವೆಯಾಗದ ತಾಯಿ ಮಗುವಿನ ಪೋಷಕತ್ವ ಕೇಳಿದಾಗ ತಂದೆಗೆ ನೋಟಿಸ್ ಕೊಡಲೇಬೇಕು ಅಂತೇನಿಲ್ಲ ಅಂದಿತು. 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮ ಸಡಿಲವಾಯಿತು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರಿದ್ದರೆ ಸಾಕು. ಗಂಡನಿಂದ ಬೇರೆಯಾದವರು ವಿಚ್ಛೇದನದ ಆದೇಶ ತೋರಿಸಬೇಕಾಗಿಲ್ಲ. 2018ರ ಡಿಸೆಂಬರಿನಿಂದ ಪ್ಯಾನ್ ಕಾರ್ಡಿಗೂ ಅಷ್ಟೇ. ತಾಯಿ ಒಬ್ಬರೇ ಸಾಕಿದ್ದರೆ ಅಪ್ಪನ ಹೆಸರು ಬೇಡ. ಅಂದರೆ ನನ್ನ ವಿದ್ಯಾರ್ಥಿನಿ ಅಮ್ಮನ ಹೆಸರೊಂದನ್ನೇ ಕೊಟ್ಟು ಪಾಸ್‌ಪೋರ್ಟ್ ಮಾಡಿಸಿ ವಿದೇಶಕ್ಕೆ ಹೋಗಬಹುದು. ಪಕ್ಕದ ತಾಲ್ಲೂಕು ಕೇಂದ್ರದಲ್ಲಿ ರೂಮು ಮಾಡಿ ಓದಲು ಬೇಕಾದ ವಿದ್ಯಾಸಿರಿಯ ದುಡ್ಡು ಪಡೆಯಲಾರಳು.

ಜಾತಿ ಪ್ರಮಾಣಪತ್ರದ ಕತೆಯೂ ಹೀಗೇ. ಅಪ್ಪನ ಟಿ.ಸಿ. ತನ್ನಿ ಅನ್ನುತ್ತಾರೆ. ಅಪ್ಪ ಓದಿದ ಶಾಲೆ ಯಾವ ಊರಿನಲ್ಲಿದೆ ಅಂತಲೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಅಂತರ್ಜಾತಿ ಮದುವೆಯ ಮಕ್ಕಳ ವಿಷಯದಲ್ಲಿ ತಂದೆಯ ಜಾತಿಯೇ ಕೊನೆಯ ಮಾತಲ್ಲ, ಮಗು ತಾಯಿಯ ಸಮುದಾಯದಲ್ಲಿ ಬೆಳೆಯಿತಾ ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಹೇಳಿದೆ. ಈ ತೀರ್ಪು ನಾಡಕಚೇರಿಯ ಕೌಂಟರಿನವರೆಗೆ ಸುತ್ತೋಲೆಯಾಗಿ ಇಳಿಯಬೇಕು.

ಇನ್ನೊಬ್ಬ ಹುಡುಗನ ವಿಷಯ ಹೇಳುತ್ತೇನೆ. ಪರಿಶಿಷ್ಟ ಜಾತಿಯವನು. ಅವನ ಅಪ್ಪ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. ಅಪ್ಪನ ಸಂಬಳ ಅದಕ್ಕಿಂತ ಜಾಸ್ತಿ. ಅಮ್ಮನ ಕೂಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಈ ಹುಡುಗನಿಗೆ 18 ತುಂಬಿದೆ. ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೇ ಕಲಂ ಆಗಿದೆ. ಅದರ ಪ್ರಕಾರ ಆರೋಗ್ಯವಾಗಿರುವ ಮಗನಿಗೆ 18 ತುಂಬಿದ ಮೇಲೆ ಅಪ್ಪ ಜೀವನಾಂಶ ಕೊಡಬೇಕಾಗಿಲ್ಲ. ಕೊಡು ಅಂತ ಈ ಕಲಮಿನಲ್ಲಿ ಮಗ ಕೇಳಲಾಗದ ಅಪ್ಪನ ದುಡ್ಡನ್ನು, ಸ್ಕಾಲರ್‌ಶಿಪ್ ಲೆಕ್ಕ ಹಾಕುವಾಗ ಮಾತ್ರ ಅವನ ಮನೆಯ ದುಡ್ಡು ಅಂತ ಎಣಿಸಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಅವನು ರಾತ್ರಿ ಹೋಟೆಲಿನಲ್ಲಿ ಕೆಲಸ ಮಾಡಿ ಬೆಳಗ್ಗೆ ನನ್ನ ಕ್ಲಾಸಿನ ಕೊನೇ ಬೆಂಚಿನಲ್ಲಿ ತೂಕಡಿಸುತ್ತಾನೆ. ನಾನು ಎಬ್ಬಿಸುವುದಿಲ್ಲ.

ನಿಮ್ಮ ಸಿಬ್ಬಂದಿಯ ಕಷ್ಟವೂ ನನಗೆ ಗೊತ್ತಿದೆ. ನನ್ನ ತಮ್ಮನೇ ಗ್ರಾಮ ಆಡಳಿತ ಅಧಿಕಾರಿ. ಅವನಿಗೆ ಎರಡು ಮೂರು ಗ್ರಾಮಗಳ ಹೊಣೆ, ಬೆಳೆ ಸಮೀಕ್ಷೆ, ಚುನಾವಣೆ ಕೆಲಸ, ಮೇಲಿಂದ ಮೇಲೆ ಮೀಟಿಂಗು. "ಅಕ್ಕಾ, ತಾಯಿ ಹೆಸರಲ್ಲಿ ಕೊಟ್ಟು, ನಾಳೆ ಗಂಡ ಹೆಂಡತಿ ಒಟ್ಟಿಗೇ ಇದ್ದಾರೆ ಅಂತ ಯಾರಾದರೂ ದೂರು ಹಾಕಿದರೆ ನನ್ನ ಕುತ್ತಿಗೆಗೆ ಬರುತ್ತೆ" ಅನ್ನುತ್ತಾನೆ. ಈ ಭಯ ಸುಳ್ಳಲ್ಲ. ಸ್ಕಾಲರ್‌ಶಿಪ್ಪಿಗಾಗಿ ಬೇರೆಯಾಗಿದ್ದೇವೆ ಅಂತ ನಾಟಕ ಮಾಡುವವರು ಇರಬಹುದು. ಆದರೆ ಅಪ್ಪನ ಆಧಾರ್ ಕೇಳುವುದರಿಂದ ಆ ನಾಟಕ ನಿಲ್ಲುವುದಿಲ್ಲ. ಆದಾಯ ಕಡಿಮೆ ತೋರಿಸುವವರು ಅಪ್ಪನ ಆಧಾರ್ ಇಟ್ಟುಕೊಂಡೇ ಕಡಿಮೆ ತೋರಿಸುತ್ತಾರೆ. ನಿಜವಾಗಿ ಬೇರೆಯಾದವರಷ್ಟೇ ಹೊರಗೆ ಉಳಿಯುತ್ತಾರೆ.

ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯುವುದು ಕಷ್ಟವಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಗೊತ್ತು. ಆಶಾ ಕಾರ್ಯಕರ್ತೆಗೆ ಗೊತ್ತು. ನ್ಯಾಯಬೆಲೆ ಅಂಗಡಿಯವರಿಗೂ ಗೊತ್ತು. ಗ್ರಾಮ ಆಡಳಿತ ಅಧಿಕಾರಿ ಹೋಗಿ ಅಕ್ಕಪಕ್ಕದವರನ್ನು ಕೇಳಿ ಒಂದು ಸ್ಥಳ ಮಹಜರು ಬರೆಯಲಿ. ಜೀವನಾಂಶದ ಕೇಸಿನ ಪ್ರತಿ ಇದ್ದರೆ ನೋಡಲಿ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯ್ದೆಯಲ್ಲಿ ನಮ್ಮ ರಾಜ್ಯದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಅವರ ಬಳಿ ದಾಖಲೆ ಇದ್ದರೆ ಅದೂ ಆಗಲಿ. ಇದ್ಯಾವುದೂ ಇಲ್ಲದವರಿಗೆ ತಾಯಿಯ ಅಫಿಡವಿಟ್ ಸಾಕು ಅನ್ನಿ. ಸುಳ್ಳು ಅಂತ ಗೊತ್ತಾದರೆ ಹಣ ವಾಪಸ್ ಪಡೆಯಿರಿ, ಕೇಸು ಹಾಕಿ. ಅಪ್ಪ ಜೀವನಾಂಶ ಕೊಡುತ್ತಿದ್ದರೆ ಅದನ್ನು ಅಮ್ಮನ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕಿ. ಅದು ನ್ಯಾಯ. ಮುಖ್ಯವಾಗಿ, ಹೀಗೆ ಮಾಡಿ ಅಂತ ಒಂದು ಸುತ್ತೋಲೆ ಕೊಡಿ. ಕೈಯಲ್ಲಿ ಸುತ್ತೋಲೆ ಇದ್ದರೆ ನನ್ನ ತಮ್ಮನಂಥವರು ಧೈರ್ಯವಾಗಿ ಸಹಿ ಹಾಕುತ್ತಾರೆ.

ಇದು ತಾಯಂದಿರ ಮಾತಷ್ಟೇ ಅಲ್ಲ. ಹೆಂಡತಿ ಬಿಟ್ಟು ಹೋದ ಮೇಲೆ ಇಬ್ಬರು ಮಕ್ಕಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಒಬ್ಬ ಆಟೊ ಡ್ರೈವರ್ ನನಗೆ ಗೊತ್ತು. ಅಪ್ಪ ಅಮ್ಮ ಇಬ್ಬರೂ ಬೇರೆ ಬೇರೆ ಸಂಸಾರ ಕಟ್ಟಿಕೊಂಡು, ಅಜ್ಜಿಯ ವೃದ್ಧಾಪ್ಯ ವೇತನದಲ್ಲಿ ಬೆಳೆದ ಮಕ್ಕಳೂ ಇದ್ದಾರೆ. ಮಗು ಯಾರ ಮನೆಯಲ್ಲಿ ಉಣ್ಣುತ್ತದೋ ಅವರ ಆದಾಯ ಕೇಳಿ. ನನ್ನ ಬೇಡಿಕೆ ಇಷ್ಟೇ.

ನನ್ನ ಗೆಳತಿಯೊಬ್ಬಳು ಅಮೆರಿಕದಲ್ಲಿದ್ದಾಳೆ. ಅವಳೂ ಗಂಡನಿಂದ ಬೇರೆಯಾಗಿದ್ದಾಳೆ. ಮಗನ ಕಾಲೇಜಿಗೆ ಸರ್ಕಾರದ ನೆರವು ಕೇಳಲು ಫಾಫ್ಸಾ ಅಂತ ಒಂದು ಅರ್ಜಿ ತುಂಬಿದಳಂತೆ. ಅಪ್ಪ ಅಮ್ಮ ಬೇರೆ ಮನೆಗಳಲ್ಲಿದ್ದರೆ ಅಲ್ಲಿ ಒಬ್ಬರ ವಿವರ ಮಾತ್ರ ಕೇಳುತ್ತಾರೆ. ಮೊದಲು, ಮಗು ಯಾರ ಜೊತೆ ಜಾಸ್ತಿ ದಿನ ಇತ್ತೋ ಅವರದ್ದು ಕೇಳುತ್ತಿದ್ದರು. 2024-25ರ ಸಾಲಿನಿಂದ, ಹಿಂದಿನ 12 ತಿಂಗಳಲ್ಲಿ ಮಗುವಿಗೆ ಯಾರು ಜಾಸ್ತಿ ಖರ್ಚು ಮಾಡಿದರೋ ಅವರದ್ದು. ಕೋರ್ಟಿನ ಆದೇಶ ಇಲ್ಲದೆ ಬೇರೆ ಇರುವವರಿಗೂ ಇದೇ ಲೆಕ್ಕ. ಅಲ್ಲೂ ಎಲ್ಲ ಸುಸೂತ್ರ ಅಂತಲ್ಲ. ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಬೇರೆ ಅರ್ಜಿಯಲ್ಲಿ ಇಬ್ಬರ ಆದಾಯವನ್ನೂ ಕೇಳುತ್ತವೆ. ಆದರೆ ಅಪ್ಪನ ಸಂಪರ್ಕವೇ ಇಲ್ಲ, ಅವನಿಂದ ತೊಂದರೆ ಇದೆ ಅನ್ನುವವರಿಗೆ ವಿನಾಯಿತಿ ಕೇಳಲು ಒಂದು ದಾರಿ ಇಟ್ಟಿವೆ. ನಾವೂ ಅಂಥದ್ದೊಂದು ದಾರಿ ಕೇಳುತ್ತಿದ್ದೇವೆ.

ಇನ್ನೆರಡು ಮಾತು. ಸರ್ಕಾರಿ ಸೇವೆ ಹೇಳಿದ ದಿನದೊಳಗೆ ಸಿಗಬೇಕು ಅನ್ನುವ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟರೆ ಜಿಎಸ್‌ಸಿ ನಂಬರ್ ಅನ್ನುವ ಅರ್ಜಿಯ ಗುರುತು ಸಂಖ್ಯೆ ಸಿಗುತ್ತದೆ. ತಿರಸ್ಕರಿಸಿದರೆ ಕಾರಣ ಕೊಡಬೇಕು, ಮೇಲ್ಮನವಿ ಹಾಕಬಹುದು. ಒಳ್ಳೆಯ ಕಾಯ್ದೆ. ಆದರೆ ಅರ್ಜಿಯನ್ನೇ ತೆಗೆದುಕೊಳ್ಳದೆ ಕೌಂಟರಿನಿಂದ ವಾಪಸ್ ಕಳಿಸಿದರೆ ನಂಬರೂ ಇಲ್ಲ, ಮೇಲ್ಮನವಿಯೂ ಇಲ್ಲ. ಆದ್ದರಿಂದ, ತಾಯಿಯ ಹೆಸರಿನ ಅರ್ಜಿಯನ್ನು ಮೊದಲು ತೆಗೆದುಕೊಳ್ಳಿ ಅಂತ ಎಲ್ಲ ಕಚೇರಿಗಳಿಗೂ ಹೇಳಿ. ಆಮೇಲೆ ಪರಿಶೀಲನೆ ಮಾಡಿ. ಪರಿಶೀಲನೆ ತಡವಾದರೆ ಆ ವರ್ಷದ ಮಟ್ಟಿಗೆ ತಾತ್ಕಾಲಿಕವಾಗಿ ಮಂಜೂರು ಮಾಡಲು ಪೋರ್ಟಲ್‌ನಲ್ಲಿ ಅವಕಾಶ ಇರಲಿ. ಈಗ ಅಲ್ಲಿ ಬೇಕಾಗುವುದು ಪ್ರಮಾಣಪತ್ರದ ಮೇಲಿರುವ ಆರ್.ಡಿ. ನಂಬರ್. ಅದು ಇಲ್ಲದೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಮತ್ತೆ, ಗಂಡ ಎಲ್ಲಿ ಅಂತ ಕೇಳಲೇಬೇಕಾದರೆ ಒಳಗೆ ಕೂರಿಸಿ ಕೇಳಿ. ಸಾಲಿನಲ್ಲಿ ನಿಲ್ಲಿಸಿ ಕೇಳಬೇಡಿ. ಇದಕ್ಕೆ ಬಜೆಟ್ ಬೇಡ.

ಈ ಪತ್ರವನ್ನು ಓದುವ ತಾಯಂದಿರಿಗೆ ಮತ್ತು ಮಕ್ಕಳಿಗೂ ಹೇಳುತ್ತೇನೆ. ಪೋರ್ಟಲ್ ತೆರೆಯುವವರೆಗೆ ಕಾಯಬೇಡಿ. ಪಿಯು ಫಲಿತಾಂಶ ಬಂದ ವಾರವೇ ಆದಾಯ ಪ್ರಮಾಣಪತ್ರಕ್ಕೆ ಓಡಾಡಲು ಶುರು ಮಾಡಿ. ಆಗಲ್ಲ ಅಂದರೆ, ಅದನ್ನೇ ಬರೆದು ಕೊಡಿ ಅಂತ ಕೇಳಿ. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಸಹಾಯ ಪುಕ್ಕಟೆ. ನಾಚಿಕೆ ಪಡಬೇಡಿ. ತಪ್ಪು ನಿಮ್ಮದಲ್ಲ.

ಮಾನ್ಯರೇ, ಆ ಹುಡುಗಿ ಈಗ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಮೊನ್ನೆ ಅವಳ ಅಮ್ಮ ಫೋನ್ ಮಾಡಿದ್ದರು. ಈ ಸಲ ಲಗ್ನಪತ್ರಿಕೆ ತರಬೇಡಿ ಅಂತ ನಾನು ಹೇಳಿದೆ. "ಹಂಗಾದ್ರೆ ಅದರ ಬದಲು ಏನು ತರಲಿ ಮೇಡಂ?" ಅಂತ ಕೇಳಿದರು. ತಿಳಿದು ಹೇಳುತ್ತೇನೆ ಅಂತ ಫೋನ್ ಇಟ್ಟಿದ್ದೇನೆ. ಏನು ತರಬೇಕು ಅನ್ನುವುದನ್ನು ನೀವು ಬರೆದು ಕಳಿಸಬೇಕು. ಪೋರ್ಟಲ್ ಮುಚ್ಚುವ ಮೊದಲು ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಸ್ಕಾಲರ್‌ಶಿಪ್ ಮೇಜಿನ ಒಬ್ಬ ಉಪನ್ಯಾಸಕಿ